ಆರೆಂಜ್ ಪದದ ಅಕ್ಷರಗಳಿಂದ ಇಂಗ್ಲಿಷ್ ಪದಗಳನ್ನು ಹುಡುಕುವುದು ಹೇಗೆ?

ನಾಪೋಕ್ಲು ಟೀಚರ್:
8ನೇ ತರಗತಿಗೆ ಇಂಗ್ಲಿಷ್ ಪದ ಕಟ್ಟುವ ಸ್ಪರ್ಧೆ ಇಡುತ್ತಿದ್ದೇವೆ. ಕೊಡಗಿನ ಕಿತ್ತಳೆ ನೆನಪಿಗೆ ಆರೆಂಜ್ ಪದವನ್ನೇ ಆರಿಸಿದ್ದೇವೆ: ಒ, ಆರ್, ಎ, ಎನ್, ಜಿ, ಇ. ಈ ಅಕ್ಷರಗಳಿರುವ ಪದಗಳ ಉತ್ತರಪಟ್ಟಿ ಮೊದಲೇ ಸಿದ್ಧವಿರಬೇಕು. ಮೊಬೈಲ್‌ನಲ್ಲಿ ಹುಡುಕಿದರೆ ಒಂದು ಕಡೆ 'ಈಗರ್' ಬರುತ್ತದೆ, ಇನ್ನೊಂದು ಕಡೆ ಬರುವುದಿಲ್ಲ. ಯಾಕೆ? ಮಳೆಗಾಲ, ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ನೆಟ್ ಇಲ್ಲದೆ ಆಗುವ ದಾರಿ ಹೇಳಿ.

ಪದಬಂಧ ಮಡಿಕೇರಿ:
ಟೀಚರ್, 'ಈ ಅಕ್ಷರಗಳಿರುವ ಪದ' ಎನ್ನುವುದರಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಆರೂ ಅಕ್ಷರ ಒಳಗಿರಲಿ, ಜೊತೆಗೆ ಬೇರೆಯವೂ ಇರಲಿ ಎಂದರೆ ಪೇಟ್ರನೇಜ್, ಆರೊಗನ್ಸ್, ನೆಗೋಶಿಯೇಟರ್ ಬರುತ್ತವೆ. ಆರರಲ್ಲಿ ಬೇಕಾದಷ್ಟು ಬಳಸಿ, ಹೊರಗಿನದು ಬೇಡ ಎಂದರೆ ಆರ್ಗನ್, ಗೇರ್, ರೇಂಜ್. ಆರನ್ನೂ ಒಂದೊಂದೇ ಸಲ ಬಳಸಿ ಮುಗಿಸಬೇಕೆಂದರೆ ಒನಜರ್ (ಒ-ಎನ್-ಎ-ಜಿ-ಇ-ಆರ್) ಉಂಟು. ಅದು ಕಾಡುಕತ್ತೆ, ಕಛ್ ರಣ್‌ನಲ್ಲಿರುವ ಕಾಡುಕತ್ತೆಯೂ ಅದೇ ಜಾತಿ.

ನಿಮಗೆ ಬೇಕಿರುವುದು ಎರಡನೆಯದು. 'ಈಗರ್'ನಲ್ಲಿ ಇ ಎರಡು ಸಲ ಇದೆ. ಅಕ್ಷರವನ್ನು ಎಷ್ಟು ಸಲವಾದರೂ ಬಳಸಬಹುದು ಎಂದುಕೊಂಡ ಕಡೆ ಅದು ಬರುತ್ತದೆ, ಸ್ಕ್ರ್ಯಾಬಲ್ ಎಂಬ ಪದ ಕಟ್ಟುವ ಆಟದ ಬಿಲ್ಲೆಗಳ ಹಾಗೆ ಒಂದನ್ನು ಒಂದೇ ಸಲ ಎಂದುಕೊಂಡ ಕಡೆ ಬರುವುದಿಲ್ಲ. 'ರೇಂಜರ್', 'ಗ್ಯಾರೇಜ್' ಕೂಡ ಇದೇ ಕಾರಣಕ್ಕೆ ಮೋಸ ಮಾಡುತ್ತವೆ. ಈ ನಿಯಮವನ್ನು ಬೋರ್ಡಿನ ಮೇಲೆ ಮೊದಲೇ ಬರೆಯಿರಿ.

ಶೀಟ್ ಕುಶಾಲನಗರ:
ನೆಟ್ ಇರುವಾಗ ಒಂದು ಪದಪಟ್ಟಿ ಇಳಿಸಿಟ್ಟುಕೊಳ್ಳಿ. 'ಎನೇಬಲ್' ಪಟ್ಟಿ ಯಾರು ಬೇಕಾದರೂ ಬಳಸಬಹುದಾದದ್ದು. ಸುಮಾರು 1.7 ಲಕ್ಷ ಪದ, ಸಾಲಿಗೊಂದು. ಎಕ್ಸೆಲ್‌ನಲ್ಲಿ 10,48,576 ಸಾಲು ಹಿಡಿಯುತ್ತದೆ, ಜಾಗಕ್ಕೆ ತೊಂದರೆಯಿಲ್ಲ. ಆದರೆ ಇಡೀ ಪಟ್ಟಿಗೆ ಸೂತ್ರ ಹಾಕಿದರೆ ಹಳೆಯ ಲ್ಯಾಪ್‌ಟಾಪ್ ತಿಣುಕುತ್ತದೆ.

ಅದಕ್ಕೇ ಮೊದಲ ಕಾಲಂನಲ್ಲಿ ಪದ, ಎರಡನೆಯದರಲ್ಲಿ 'ಲೆನ್' ಸೂತ್ರದಿಂದ ಉದ್ದ. ಉದ್ದದ ಪ್ರಕಾರ ಜೋಡಿಸಿ 6ಕ್ಕಿಂತ ಹೆಚ್ಚಿನ ಸಾಲುಗಳನ್ನು ಅಳಿಸಿ, ಆಗ ಹೆಚ್ಚುಪಾಲು ಪಟ್ಟಿ ಖಾಲಿಯಾಗುತ್ತದೆ. (ಮೊದಲನೆಯ ಬಗೆಯ ಪ್ರಶ್ನೆಗೆ ಮಾತ್ರ ಹೀಗೆ ಅಳಿಸಬೇಡಿ, ಪೇಟ್ರನೇಜ್‌ನಂಥವು ಹೋಗಿಬಿಡುತ್ತವೆ.) ಆಮೇಲೆ ಅಕ್ಷರಕ್ಕೊಂದರಂತೆ ಆರು ಕಾಲಂ. ಪದದ ಉದ್ದದಿಂದ, 'ಸಬ್‌ಸ್ಟಿಟ್ಯೂಟ್' ಬಳಸಿ ಆ ಅಕ್ಷರ ತೆಗೆದ ಮೇಲೆ ಉಳಿಯುವ ಉದ್ದವನ್ನು ಕಳೆಯಿರಿ. 'ಈಗರ್'ನ ಉದ್ದ 5. ಇ ತೆಗೆದರೆ ಎ, ಜಿ, ಆರ್ ಉಳಿದು 3. 5ರಲ್ಲಿ 3 ಕಳೆದರೆ 2. ಆರೂ ಕಾಲಂಗಳಲ್ಲಿ 1ಕ್ಕಿಂತ ಹೆಚ್ಚಿರಬಾರದು, ಆರರ ಮೊತ್ತ ಪದದ ಉದ್ದಕ್ಕೆ ಸಮ ಇರಬೇಕು. ಈ ಎರಡು ಷರತ್ತು ಫಿಲ್ಟರ್‌ನಲ್ಲಿ ಹಾಕಿದರೆ ನಿಮ್ಮ ಪಟ್ಟಿ ಸಿದ್ಧ. ಸಬ್‌ಸ್ಟಿಟ್ಯೂಟ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ, ಆದ್ದರಿಂದ ಪದವನ್ನು ಎಲ್ಲವನ್ನೂ ಸಣ್ಣಕ್ಷರ ಮಾಡುವ 'ಲೋಯರ್' ಸೂತ್ರದ ಒಳಗೆ ಹಾಕಿ.

ನಾಪೋಕ್ಲು ಟೀಚರ್:
ಹಾಗೇ ಮಾಡಿದೆ ಸರ್. ಆರ್ಗನ್, ಗೇರ್ ಯಾವುದೂ ಬರಲಿಲ್ಲ, ಫಿಲ್ಟರ್ ಹಾಕಿದರೆ ಎಲ್ಲ ಖಾಲಿ.

ಶೀಟ್ ಕುಶಾಲನಗರ:
'ಗೇರ್' ಪಕ್ಕದ ಉದ್ದ ನೋಡಿ. 4ರ ಬದಲು 5 ತೋರಿಸಿದರೆ ಪದದ ಕೊನೆಯಲ್ಲಿ ಕಣ್ಣಿಗೆ ಕಾಣದ ಏನೋ ಅಂಟಿಕೊಂಡಿದೆ. ಅದು ಉದ್ದದಲ್ಲಿ ಸೇರುತ್ತದೆ, ಆರು ಕಾಲಂಗಳ ಮೊತ್ತದಲ್ಲಿ ಸೇರುವುದಿಲ್ಲ, ಹಾಗಾಗಿ ಎರಡೂ ಎಂದೂ ತಾಳೆಯಾಗುವುದಿಲ್ಲ. ಬೇರೊಂದು ಕಾಲಂನಲ್ಲಿ ಪದಕ್ಕೆ ಹೆಚ್ಚಿನ ಖಾಲಿ ಜಾಗ ತೆಗೆಯುವ 'ಟ್ರಿಮ್', ಕಾಣದ ಚಿಹ್ನೆ ತೆಗೆಯುವ 'ಕ್ಲೀನ್' ಎರಡೂ ಸೂತ್ರ ಹಾಕಿ, ಬಂದದ್ದನ್ನು ಬರೀ ಮೌಲ್ಯವಾಗಿ ಹಳೆಯದರ ಮೇಲೆ ಅಂಟಿಸಿ. ಆರಕ್ಷರದ ಪದಗಳು 7 ಎಂದು ಎಣಿಸಿ ಅಳಿದುಹೋಗಿರುತ್ತವೆ, ಮೂಲ ಪಟ್ಟಿಯಿಂದಲೇ ಮತ್ತೆ ಶುರುಮಾಡಿ. ಆಗಲೂ 5 ಬಂದರೆ ವೆಬ್ ಪುಟದಿಂದ ನಕಲು ಮಾಡಿದಾಗ ಬರುವ 160ನೇ ಸಂಖ್ಯೆಯ ಖಾಲಿ ಜಾಗ ಅದು, ಟ್ರಿಮ್‌ಗೆ ಬಗ್ಗುವುದಿಲ್ಲ. ಸಬ್‌ಸ್ಟಿಟ್ಯೂಟ್‌ನಿಂದಲೇ ತೆಗೆಯಬೇಕು.

ಸೋಮವಾರಪೇಟೆ ಮೇಷ್ಟ್ರು:
ಪಟ್ಟಿ ಟೀಚರಿಗೆ ಆಯಿತು, ಮಕ್ಕಳಿಗೆ ಕಾಗದದ ದಾರಿಯೂ ಬೇಕಲ್ಲ. ಆರು ಅಕ್ಷರಗಳನ್ನು 720 ರೀತಿ ಜೋಡಿಸಬಹುದು, ಒಂದೊಂದಾಗಿ ಬರೆಯುವುದು ಆಗದ ಮಾತು. ಆರೆಂಜ್ ಎಂದು ನೇರ ಬರೆದಿಟ್ಟರೆ ಕಣ್ಣು ಆ ಪದವನ್ನೇ ಓದುತ್ತದೆ. ಸ್ವರಗಳಾದ ಒ, ಎ, ಇ ನಡುವೆ, ಆರ್, ಎನ್, ಜಿ ಸುತ್ತ ಬರೆಯಿಸಿ. ಮೂರಕ್ಷರದ ಪದ ಹಿಡಿದು ಬೆಳೆಸಲಿ. ರ‍್ಯಾನ್ ಹಿಂದೆ ಜಿ ಸೇರಿದರೆ ರ‍್ಯಾಂಗ್, ಅದರ ಹಿಂದೆ ಇ ಸೇರಿದರೆ ರೇಂಜ್. ಇಯರ್ ಮುಂದೆ ಎನ್ ಇಟ್ಟರೆ ನಿಯರ್, ಜಿ ಇಟ್ಟರೆ ಗೇರ್. ಒನ್‌ಗೆ ಜಿ ಸೇರಿ ಗಾನ್, ಏಜ್‌ಗೆ ಆರ್ ಸೇರಿ ರೇಜ್. ಐದಕ್ಷರ ಸಿಕ್ಕಿದರೆ ನಿಲ್ಲದೆ ಅದನ್ನೇ ಕಲಸಿ ನೋಡಲಿ: ಆರ್ಗನ್, ಗ್ರೋನ್, ಆರ್ಗಾನ್ ಮೂರೂ ಅದೇ ಐದು ಅಕ್ಷರ. ಎಸ್ ಇಲ್ಲದ ಕಾರಣ ಬಹುವಚನದ ಸುಲಭ ಅಂಕ ಇಲ್ಲ, ಇದು ಈ ಪದದ ಒಳ್ಳೆಯ ಗುಣ.

'ಗೋವಾ' ಬರೆಯುವ ಮಕ್ಕಳು ಇದ್ದೇ ಇರುತ್ತಾರೆ. ಅಕ್ಷರ ಸರಿ, ಆದರೆ ರಾಜ್ಯದ ಹೆಸರು. ಅಂಕಿತನಾಮ ಬೇಡ ಎಂದು ಮೊದಲೇ ಹೇಳಿಬಿಡಿ. ಎನೇಬಲ್ ಪಟ್ಟಿಯಲ್ಲಿ ಮಕ್ಕಳು ಕೇಳದ ಪದಗಳೂ ಬಹಳ. ಶಾಲೆಯ ನಿಘಂಟಿನಲ್ಲಿ ಇರುವುದನ್ನಷ್ಟೇ ಉತ್ತರಪಟ್ಟಿಗೆ ಸೇರಿಸಿ, ಆ ನಿಘಂಟನ್ನೇ ತೀರ್ಪುಗಾರರ ಮೇಜಿನ ಮೇಲಿಡಿ.