ಅಪ್‌ಡೇಟ್: ಕಂಪ್ಯೂಟರ್ ತಂಡದ ಜೊತೆ ಟ್ರೇಡ್ (ಆಟಗಾರರ ವಿನಿಮಯ) ಕೊನೆಗೂ ಕುದುರಿತು

ಹೋದ ವಾರ ಒಂದು ಪ್ರಶ್ನೆ ಕೇಳಿದ್ದೆ. ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಅನ್ನೋ, ತಂಡ ನಡೆಸುವ ಕಂಪ್ಯೂಟರ್ ಆಟದಲ್ಲಿ ನನ್ನ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಒಳ್ಳೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಬೇಕು, ಏನು ಕೊಟ್ಟರೂ ಕಂಪ್ಯೂಟರ್ ತಂಡ ಒಪ್ಪುತ್ತಿಲ್ಲ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಟ್ರೇಡ್ ಆಯ್ತು!

ಮೂರು ಸಾಧಾರಣ ಆಟಗಾರರನ್ನು ಕೂಡಿಸಿದರೆ ಒಬ್ಬ ಸ್ಟಾರ್‌ಗೆ ಸಮ ಅಂದುಕೊಂಡಿದ್ದೆ. ಅಲ್ಲೇ ಎಡವಿದ್ದು. ನೀವು ಹೇಳಿದ ಹಾಗೆ ಎದುರು ತಂಡದ ಪರಿಸ್ಥಿತಿ ನೋಡಿದೆ. ಅವರು ತಂಡವನ್ನು ಹೊಸದಾಗಿ ಕಟ್ಟುತ್ತಿದ್ದರು. ನಾನು ಕೊಡಲು ಹೊರಟಿದ್ದ 33 ವರ್ಷದ ಪಿಚರ್ (ಚೆಂಡು ಎಸೆಯುವವನು) ಅವರಿಗೆ ಯಾಕೆ ಬೇಕು? ಅವನನ್ನು ತೆಗೆದು, ಕೆಳ ಹಂತದ ಮೈನರ್ ಲೀಗ್‌ನಲ್ಲಿದ್ದ 19ರ ಎಡಗೈ ಪಿಚರ್‌ನನ್ನು ಇಟ್ಟೆ. ಅವರ ಉತ್ತರದ ಧಾಟಿಯೇ ಬದಲಾಯಿತು. ಜೊತೆಗೆ ಒಬ್ಬ ಔಟ್‌ಫೀಲ್ಡರ್ ಕೊಟ್ಟೆ, ಶಾರ್ಟ್‌ಸ್ಟಾಪ್‌ನ ಸಂಬಳ ಪೂರ್ತಿ ನಾನೇ ಹೊತ್ತುಕೊಂಡೆ. ಟ್ರೇಡ್‌ನ ಗಡುವಿಗೆ ಎರಡೇ ದಿನ ಇರುವಾಗ ಒಪ್ಪಿದರು.

ಮೊದಲು ಕಣ್ಣಿಟ್ಟಿದ್ದ ಹಿರಿಯ ಆಟಗಾರ ಮಾತ್ರ ಸಿಗಲಿಲ್ಲ. ಮೇಲಿನ ಹಂತದ ಮೇಜರ್ ಲೀಗ್‌ನಲ್ಲಿ 10 ವರ್ಷ, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿ ಆಡಿದವರು ಟ್ರೇಡ್ ಬೇಡ ಅನ್ನಬಹುದು. ನಿಜವಾದ ಬೇಸ್‌ಬಾಲ್‌ನಲ್ಲೂ ಇದೇ ನಿಯಮ.

ಆಟದ ಸೆಟ್ಟಿಂಗ್‌ನಲ್ಲಿ ಟ್ರೇಡ್ ಕಷ್ಟದ ಮಟ್ಟ ಇಳಿಸಿ ಅಂತ ಒಬ್ಬರು ಹೇಳಿದ್ದರು. ಇಳಿಸಲಿಲ್ಲ. ಸುಮ್ನೆ ಸಿಕ್ಕರೆ ಖುಷಿ ಎಲ್ಲಿ, ಅಲ್ವಾ?

ಆ ಎಡಗೈ ಹುಡುಗನನ್ನು ಬಿಟ್ಟಿದ್ದಕ್ಕೆ ಬೇಜಾರಿದೆ. ಈಗಲೂ ಆಟ ತೆರೆದ ಕೂಡಲೇ ಅವನ ಸ್ಕೋರ್ ನೋಡುತ್ತೇನೆ. ನಿನ್ನೆ 6 ಇನಿಂಗ್ಸ್‌ನಲ್ಲಿ 9 ಸ್ಟ್ರೈಕ್‌ಔಟ್, ಅಂದರೆ ತನ್ನ ಎಸೆತದಲ್ಲೇ 9 ಬ್ಯಾಟರ್‌ಗಳನ್ನು ಔಟ್ ಮಾಡಿದ.