ದಿನಕ್ಕೆ ಎರಡು ಹೊತ್ತು ವ್ಯಾಯಾಮ: ದೇಹಕ್ಕೆ ಹಿತವೇ, ಹಾನಿಯೇ?

ಪ್ರಶ್ನೆ: ರಾಯಚೂರಿನ ಅಭ್ಯರ್ಥಿ

ಎಲ್ಲರಿಗೂ ನಮಸ್ಕಾರ. ನಾನು ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ದೈಹಿಕ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದೇನೆ. 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ನನಗೆ ಈಗಲೂ ಏಳು ನಿಮಿಷ ದಾಟುತ್ತಿದೆ. ಆದ್ದರಿಂದ ಮೊದಲು ಬೆಳಿಗ್ಗೆ ಮಾತ್ರ ಮೈದಾನಕ್ಕೆ ಹೋಗುತ್ತಿದ್ದವನು ಕಳೆದ ತಿಂಗಳಿನಿಂದ ಸಂಜೆಯೂ ಓಡಿ, ಅಲ್ಲಿಂದ ನೇರವಾಗಿ ಜಿಮ್‌ಗೆ ಹೋಗುತ್ತಿದ್ದೇನೆ. ಆರಂಭದಲ್ಲಿ ಹುರುಪಿತ್ತು. ಈಗ ಬೆಳಿಗ್ಗೆ ಏಳುವಾಗಲೇ ಕಾಲು ಭಾರವಾಗಿರುತ್ತದೆ, ಬಲಗಾಲಿನಲ್ಲಿ ಮೊಣಕಾಲಿನ ಕೆಳಗಿನ ಎಲುಬು ನೋಯುತ್ತದೆ, ರಾತ್ರಿ ನಿದ್ದೆ ಸರಿಯಾಗಿ ಹತ್ತುವುದಿಲ್ಲ; ಓಟದ ಸಮಯ ಮಾತ್ರ ಇದ್ದಲ್ಲೇ ಇದೆ. ಎರಡು ಹೊತ್ತು ಮಾಡಿದರೆ ದೇಹ ಸವೆಯುತ್ತದೆ ಎಂದು ರೂಮಿನ ಗೆಳೆಯರು ಹೇಳಿದರೆ, ದೊಡ್ಡ ಆಟಗಾರರೆಲ್ಲ ಎರಡು ಹೊತ್ತೇ ಮಾಡುವುದು ಎಂದು ಜಿಮ್‌ನವರು ಹೇಳುತ್ತಾರೆ. ನನ್ನ ಊಟ ಮೆಸ್ಸಿನದು. ತಿಳಿದವರು ದಯವಿಟ್ಟು ಉತ್ತರಿಸಬೇಕು.

ಉತ್ತರ: ಬಳ್ಳಾರಿಯ ಫಿಸಿಯೋಥೆರಪಿಸ್ಟ್

ಮೊದಲು ನೋವಿನ ವಿಷಯ. ಕುಳಿತುಕೊಂಡು ಆ ಎಲುಬಿನ ಒಳ ಅಂಚನ್ನು ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತುತ್ತಾ ಬನ್ನಿ. ನೋವು ಒಂದು ಗೇಣಿನಷ್ಟು ಉದ್ದಕ್ಕೆ ಹರಡಿದಂತಿದ್ದರೆ ಅದು ಸಾಮಾನ್ಯವಾಗಿ ಓಟ ಹೆಚ್ಚಿದ್ದರಿಂದ ಆದ ಬಾಧೆ. ಓಟ ತಗ್ಗಿಸಿದರೆ ಇಳಿಯುತ್ತದೆ. ಬೆರಳಗಲದ ಒಂದೇ ಜಾಗದಲ್ಲಿ ಒತ್ತಿದಾಗ ಜೀವ ಹೋದಂತಾದರೆ, ಅಥವಾ ಸುಮ್ಮನೆ ಮಲಗಿದಾಗಲೂ ಅಲ್ಲಿ ನೋಯುತ್ತಿದ್ದರೆ, ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುವ ಸಂಶಯ ಬರುತ್ತದೆ. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದಾದ್ದರಿಂದ, ಎಕ್ಸ್‌ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ಮತ್ತೆ ಓಡಲು ಹೊರಡಬಾರದು.

ಈಗ ನಿಮ್ಮ ಪ್ರಶ್ನೆ. ಎರಡು ಹೊತ್ತು ಎನ್ನುವುದರಲ್ಲಿ ಸ್ವತಃ ದೋಷವೇನೂ ಇಲ್ಲ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಅದನ್ನು ಒಂದೇ ಸಲ ಮಾಡಬೇಕೆಂದಾಗಲಿ, ತುಂಡು ತುಂಡಾಗಿ ಮಾಡಬಾರದೆಂದಾಗಲಿ ಹೇಳಲಿಲ್ಲ. ನಿಮ್ಮ ತೊಂದರೆ ಬೇರೆ: ಬೆಳಿಗ್ಗೆ ದಣಿದ ಅದೇ ಕಾಲುಗಳನ್ನು ನೀವು ಸಂಜೆ ಮತ್ತೆ ದುಡಿಸುತ್ತಿದ್ದೀರಿ, ಅದೂ ಒಮ್ಮೆಗೇ ಇಮ್ಮಡಿ ಮಾಡಿ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ಹೊರೆಗೆ ಒಗ್ಗುತ್ತವೆ. ಎಲುಬಿಗೆ ತಿಂಗಳುಗಳು ಬೇಕು. ದಮ್ಮು ಸಾಲುತ್ತದೆ, ಆದರೆ ಎಲುಬು ಸಾಲುವುದಿಲ್ಲ ಎಂಬ ಸ್ಥಿತಿ ಇಲ್ಲಿಂದಲೇ ಹುಟ್ಟುತ್ತದೆ.

2005ರಲ್ಲಿ ಕೋಪನ್‌ಹೇಗನ್‌ನ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ತರಬೇತಿಯಿಲ್ಲದ 7 ಮಂದಿ 10 ವಾರಗಳ ಕಾಲ ಒಂದು ಕಾಲಿಗೆ ದಿನವೂ ಒಂದು ಹೊತ್ತು, ಇನ್ನೊಂದು ಕಾಲಿಗೆ ದಿನ ಬಿಟ್ಟು ದಿನ ಎರಡು ಹೊತ್ತು ವ್ಯಾಯಾಮ ಕೊಟ್ಟರು. ಎರಡೂ ಕಾಲುಗಳ ಒಟ್ಟು ಕೆಲಸ ಸಮನಾಗಿತ್ತು. ಕೊನೆಯಲ್ಲಿ ಹೆಚ್ಚು ಹೊತ್ತು ತಾಳಿದ್ದು ಎರಡು ಹೊತ್ತು ದುಡಿದ ಕಾಲು. ಇದನ್ನು ಕೇಳಿ ಯಾರೂ ಹಿಗ್ಗಬೇಕಾಗಿಲ್ಲ: ಆ ಕಾಲಿಗೆ ಮರುದಿನ ಪೂರ್ತಿ ವಿರಾಮವಿತ್ತು, ಮತ್ತು ಅದು ಕುಳಿತು ಮಾಡುವ ವ್ಯಾಯಾಮವಾದ್ದರಿಂದ ನೆಲದ ಪೆಟ್ಟು ಎಲುಬಿಗೆ ಬೀಳುತ್ತಲೇ ಇರಲಿಲ್ಲ. ತೋರಣಗಲ್ಲಿನ ಕ್ರೀಡಾ ಸಂಸ್ಥೆಯ ಹುಡುಗ ಹುಡುಗಿಯರನ್ನು ನೋಡಿ ಜಿಮ್‌ನವರು ಮಾತನಾಡುತ್ತಿದ್ದರೆ, ಅಲ್ಲಿ ಊಟ, ನಿದ್ದೆ, ಚಿಕಿತ್ಸೆ ಎಲ್ಲವನ್ನೂ ನೋಡಿಕೊಳ್ಳುವವರಿದ್ದಾರೆ ಎಂಬುದನ್ನೂ ಅವರು ಹೇಳಬೇಕು.

ನೋವು ಪೂರ್ತಿ ಹೋದ ಮೇಲೆ ವಾರಕ್ಕೆ ಎರಡು ದಿನ ಮಾತ್ರ ಎರಡು ಹೊತ್ತು ಇಟ್ಟುಕೊಳ್ಳಿ. ಬೆಳಿಗ್ಗೆ ವೇಗದ ಓಟ, ಸಂಜೆ ಎದೆ, ಬೆನ್ನು, ಭುಜಗಳ ಕಸರತ್ತು. ನಡುವೆ ಕನಿಷ್ಠ ಆರೇಳು ಗಂಟೆ ಅಂತರವಿರಲಿ, ಮರುದಿನ ನಡಿಗೆಯಷ್ಟೇ ಸಾಕು. ನಿಮ್ಮ ಗುರಿಗೆ 400 ಮೀಟರಿನ ಒಂದು ಸುತ್ತು ಸುಮಾರು 97 ಸೆಕೆಂಡಿನಲ್ಲಿ ಮುಗಿಯಬೇಕು. ಆ ವೇಗದಲ್ಲಿ ಒಂದು ಸುತ್ತು ಓಡಿ, ಎರಡು ಮೂರು ನಿಮಿಷ ನಡೆದು, ಮತ್ತೊಂದು ಸುತ್ತು ಓಡುವ ಕ್ರಮವನ್ನು ವಾರಕ್ಕೊಮ್ಮೆ ಮಾಡಿದರೂ ಸಮಯ ಇಳಿಯುತ್ತದೆ; ಎರಡು ಹೊತ್ತೂ ಒಂದೇ ಮಂದ ವೇಗದಲ್ಲಿ ಓಡಿದರೆ ದಣಿವು ಮಾತ್ರ ಲಾಭ. ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ನಾಡಿ ಎಣಿಸಿ ಬರೆದಿಡಿ. ಎಂದಿಗಿಂತ ಎಂಟು ಹತ್ತು ಬಡಿತ ಹೆಚ್ಚಾಗಿ, ಅದು ಕೆಲವು ದಿನ ಹಾಗೆಯೇ ಮುಂದುವರಿದರೆ ದೇಹ ಚೇತರಿಸಿಕೊಂಡಿಲ್ಲ ಎಂದೇ ತಿಳಿಯಿರಿ.

ಉತ್ತರ: ಕೊಪ್ಪಳದ ನಿವೃತ್ತ ದೈಹಿಕ ಶಿಕ್ಷಕ

ತಮ್ಮಾ, ಗರಡಿಯಲ್ಲಿ ಬೆಳೆದ ನಾನು ಎರಡು ಹೊತ್ತಿನ ಸಾಮನ್ನು ಕಂಡವನೇ. ನಸುಕಿನಲ್ಲಿ ದಂಡ, ಬೈಠಕ್, ಸಂಜೆ ಕುಸ್ತಿ. ಆದರೆ ಆ ಎರಡರ ನಡುವಿನ ಹೊತ್ತಿನಲ್ಲಿ ಪೈಲ್ವಾನರು ಏನು ಮಾಡುತ್ತಿದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ. ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು, ಹಾಲು, ತುಪ್ಪ, ಬಾದಾಮಿ ತಿನ್ನುತ್ತಿದ್ದರು, ಮಧ್ಯಾಹ್ನ ಸುಖವಾಗಿ ನಿದ್ದೆ ಮಾಡುತ್ತಿದ್ದರು. ಕಾಲ ಕೆಳಗೆ ಎಣ್ಣೆ, ಮಜ್ಜಿಗೆ ಬೆರೆಸಿ ಹದಮಾಡಿದ ಮೆತ್ತನೆಯ ಕೆಮ್ಮಣ್ಣು ಇರುತ್ತಿತ್ತು. ನೀನು ಗಟ್ಟಿ ನೆಲದ ಮೇಲೆ ಓಡಿ, ಮಧ್ಯಾಹ್ನವೆಲ್ಲ ಪುಸ್ತಕದ ಮುಂದೆ ಕುಳಿತು, ಮೆಸ್ಸಿನ ತಿಳಿಸಾರು ಉಂಡು ಅದೇ ಲೆಕ್ಕ ಹಾಕಿದರೆ ಹೇಗೆ?

ಊಟದಲ್ಲಿ ಕೈ ಬಿಗಿ ಹಿಡಿಯಬೇಡ. 60 ಕೆ.ಜಿ. ತೂಕದವನಿಗೆ ಸಾಮಾನ್ಯ ದಿನಗಳಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಸಾಕಾದರೆ, ಇಷ್ಟು ದುಡಿಯುವವನಿಗೆ 80 ಗ್ರಾಮಿಗೂ ಮೇಲೆ ಬೇಕಾಗುತ್ತದೆ. ಡಬ್ಬದ ಪುಡಿಗೆ ಹಣ ಸುರಿಯುವ ಬದಲು ರೊಟ್ಟಿಯ ಜೊತೆಗೆ ಮಡಕೆಕಾಳು, ಹೆಸರುಕಾಳಿನ ಪಲ್ಯ, ಒಂದು ಹಿಡಿ ಶೇಂಗಾ, ಮೊಸರು, ತಿನ್ನುವವನಾದರೆ ಮೊಟ್ಟೆ ಇಟ್ಟುಕೋ. ಇನ್ನು ನಮ್ಮ ಕಡೆಯ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರವೇ ತನ್ನ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಸಂಜೆ ಐದಕ್ಕೂ ಮೈದಾನದ ನೆಲ ಕಾವು ಉಗುಳುತ್ತಿರುತ್ತದೆ. ಆ ಎರಡು ತಿಂಗಳು ಸಂಜೆಯ ಓಟವನ್ನು ಕೈಬಿಡುವುದೇ ಲೇಸು.

ಉತ್ತರ: ಸಿಂಧನೂರಿನ ಓದುಗರು

ನನ್ನದು ಬೇರೆ ಕಥೆ. ನನಗೆ ಸಕ್ಕರೆ ಕಾಯಿಲೆಯಿದ್ದು, ಒಂದೇ ಸಲ ದೀರ್ಘವಾಗಿ ನಡೆಯುವ ಬದಲು ಮೂರು ಹೊತ್ತಿನ ಊಟದ ನಂತರವೂ ಹದಿನೈದು ನಿಮಿಷ ನಡೆಯಲು ವೈದ್ಯರು ಹೇಳಿದ್ದಾರೆ. ಊಟದ ನಂತರ ಏರುವ ಸಕ್ಕರೆಯನ್ನು ನಡೆಯುವ ಸ್ನಾಯುಗಳು ಆಗಲೇ ಬಳಸಿಕೊಳ್ಳುತ್ತವೆಯಂತೆ. ಆದ್ದರಿಂದ ಎರಡು ಹೊತ್ತು ಕೆಟ್ಟದ್ದು ಎಂಬ ಮಾತನ್ನು ಎಲ್ಲರಿಗೂ ಅನ್ವಯಿಸಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಮಾತ್ರ ವ್ಯಾಯಾಮ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು, ಏಕೆಂದರೆ ಸಕ್ಕರೆ ಹಠಾತ್ತನೆ ಕುಸಿಯುವ ಅಪಾಯವಿದೆ.

ರಾಯಚೂರಿನ ಅಭ್ಯರ್ಥಿ

ಎಲ್ಲರಿಗೂ ಧನ್ಯವಾದಗಳು. ಸರ್, ನೀವು ಹೇಳಿದಂತೆ ಒತ್ತಿ ನೋಡಿದೆ. ನೋವು ಒಂದೇ ಜಾಗದಲ್ಲಿದೆ. ಮುಂದಿನ ವಾರ ಗೆಳೆಯರೆಲ್ಲ ಸೇರಿ ಅಣಕು ಓಟ ಇಟ್ಟುಕೊಂಡಿದ್ದೇವೆ. ಅಂದು ನೋವಿನ ಮಾತ್ರೆ ನುಂಗಿ ಓಡಬಹುದೇ?

ಬಳ್ಳಾರಿಯ ಫಿಸಿಯೋಥೆರಪಿಸ್ಟ್

ಓಡಬಾರದು. ಮಾತ್ರೆ ನೋವನ್ನು ಮುಚ್ಚಿದರೆ ಕೂದಲೆಳೆಯ ಬಿರುಕು ಪೂರ್ತಿ ಮುರಿತವಾಗುವವರೆಗೂ ನಿಮಗೆ ತಿಳಿಯುವುದಿಲ್ಲ. ಮೇಲಾಗಿ ಬೆವರಿ ನೀರಿನಂಶ ಕಳೆದುಕೊಂಡ ದೇಹಕ್ಕೆ ಡೈಕ್ಲೋಫೆನಾಕ್‌ನಂಥ ಮಾತ್ರೆ ಬಿದ್ದರೆ ಮೂತ್ರಪಿಂಡಕ್ಕೂ ಪೆಟ್ಟು. ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ. ಅವರು ಕಾಲಿನ ಮೇಲೆ ಭಾರ ಹಾಕಲು ಒಪ್ಪುವವರೆಗೆ ಓಟ, ಜಿಗಿತ ಎರಡೂ ಬೇಡ. ದಮ್ಮು ಇಳಿಯದಂತೆ ನೋಡಿಕೊಳ್ಳಲು ಸೈಕಲ್ ತುಳಿಯಬಹುದೇ ಎಂದು ಅವರನ್ನೇ ಕೇಳಿ. ವರದಿ ಬಂದ ಮೇಲೆ ಇಲ್ಲಿಯೇ ಬರೆಯಿರಿ, ಓಟವನ್ನು ಎಲ್ಲಿಂದ ಮರಳಿ ಆರಂಭಿಸಬೇಕೆಂದು ಹೇಳುತ್ತೇನೆ.