ಒಂದೇ ದಿನ ಎರಡು ಸಲ ಸಿಬಿಸಿ: ‘ಮರುಪರೀಕ್ಷೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಮಕ್ಕಳ ಜೊತೆ ಇರುವ ನಮ್ಮ ಹಿರಿಯರಿಗಾಗಿ, ಆಸ್ಪತ್ರೆ ಬಿಲ್ ಓದುವ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಕಡೆ ಸರಿಯಾದ ಪದ ಸಿಗುತ್ತಿಲ್ಲ.

ಅಲ್ಲಿ ಪ್ರತಿ ಪರೀಕ್ಷೆಗೂ ಬಿಲ್ಲಿನಲ್ಲಿ ಬರೆಯಲು ಸಿಪಿಟಿ ಅನ್ನುವ ಐದಂಕಿಯ ಕೋಡ್ ಇರುತ್ತದೆ. ಸಿಬಿಸಿ ಅಂದರೆ ರಕ್ತಕಣಗಳನ್ನು ಎಣಿಸಿ, ಹಿಮೋಗ್ಲೋಬಿನ್ ಅಳೆಯುವ ರಕ್ತಪರೀಕ್ಷೆ. ಯಂತ್ರವೇ ಬಿಳಿ ರಕ್ತಕಣಗಳ ಬಗೆಗಳನ್ನೂ ಬಿಡಿಸಿ ಎಣಿಸಿದರೆ ಆ ಸಿಬಿಸಿಗೆ 85025. ಬಗೆ ಬಿಡಿಸದೆ ಎಣಿಸಿದರೆ 85027. ಅದೇ ದಿನ ಅದೇ ಪರೀಕ್ಷೆ ಇನ್ನೊಮ್ಮೆ ಬೇಕಾದರೆ, ಎರಡನೆಯದರ ಪಕ್ಕ 91 ಸೇರಿಸುತ್ತಾರೆ. ಇಲ್ಲದಿದ್ದರೆ ಒಂದಕ್ಕೇ ಎರಡು ಸಲ ಬಿಲ್ ಹಾಕಿದ್ದಾರೆ ಅಂತ ವಿಮೆಯವರು ಹಣ ತಡೆಯಬಹುದು.

ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವರನ್ನು ನೋಡಿ. ಬೆಳಿಗ್ಗೆ ಒಂದು ಸಿಬಿಸಿ. ಹಿಮೋಗ್ಲೋಬಿನ್ ಇಳೀತಿದೆಯಾ ಅಂತ ನೋಡಲು ಮಧ್ಯಾಹ್ನ ಇನ್ನೊಂದು. ಎರಡೂ ಅಂಕಿ ಬೇಕೇ ಬೇಕು. ಇಲ್ಲಿ 85025, ಆಮೇಲೆ 85025-91. ಆದರೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿ ಮತ್ತೆ ಸೂಜಿ ಚುಚ್ಚಿದರೆ? ಯಂತ್ರ ಕೈಕೊಟ್ಟರೆ? ಬಂದ ಅಂಕಿಯ ಮೇಲೆ ಅನುಮಾನ ಬಂದು, ಖಾತ್ರಿಗೆ ಇನ್ನೊಮ್ಮೆ ನೋಡಿದರೆ? ಆಗ 91 ಹಾಕುವಂತಿಲ್ಲ. ಒಂದೇ ಪರೀಕ್ಷೆಯ ದುಡ್ಡು. ಬಿಲ್ ಕಟ್ಟುವವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು.

‘ಮರುಪರೀಕ್ಷೆ’ ಥಟ್ಟನೆ ಬಾಯಿಗೆ ಬರುವ ಪದ. ಆದರೆ ನಮ್ಮಲ್ಲಿ ಮರುಪರೀಕ್ಷೆ ಅಂದರೆ ಮೊದಲನೆಯದು ಲೆಕ್ಕಕ್ಕಿಲ್ಲ ಅಂತ ಅರ್ಥ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ರದ್ದಾಗಿ 2024ರ ಜನವರಿಯಲ್ಲಿ ಮತ್ತೆ ನಡೆಯಿತಲ್ಲ, ಹಾಗೆ. ‘ಮರುಎಣಿಕೆ’ ಚುನಾವಣೆಯ ಮಾತು: ಅವೇ ಮತಗಳು, ಅನುಮಾನ ಬಂದು ಮತ್ತೆ ಎಣಿಸುವುದು. ಎರಡೂ 91 ಸಲ್ಲದ ಕಡೆಗೇ ಚೆನ್ನಾಗಿ ಹೊಂದುತ್ತವೆ. ಅಲ್ಲಿಗೇ ಇಟ್ಟುಕೊಳ್ಳೋಣ ಅಂತ ನನ್ನ ಅಭಿಪ್ರಾಯ. ಹೆಪ್ಪುಗಟ್ಟಿದ್ದಕ್ಕೆ ಮರುಪರೀಕ್ಷೆ, ಅನುಮಾನಕ್ಕೆ ಮರುಎಣಿಕೆ.

ಹಾಗಾದರೆ 91ರದ್ದಕ್ಕೆ ಏನನ್ನೋಣ? ‘ಮರುದಿನ’, ‘ಮರುವರ್ಷ’ಗಳಲ್ಲಿ ಮರು ಅಂದರೆ ಮುಂದಿನದು, ಹಿಂದಿನದೇನೂ ರದ್ದಾಗಿಲ್ಲ. ಈ ಅರ್ಥ ಇಟ್ಟುಕೊಂಡು ಹೊಸ ಪದ ಕಟ್ಟಬಹುದೇನೋ. ಆದರೆ ಓದುವವರ ತಲೆಗೆ ಮೊದಲು ಬರುವುದು ರದ್ದಾದದ್ದೇ, ಅಲ್ವಾ? ‘ಪುನರಾವರ್ತಿತ ಪರೀಕ್ಷೆ’ ಭಾರವಾಯಿತು. ಸದ್ಯಕ್ಕೆ ‘ಅದೇ ದಿನದ ಎರಡನೇ ಪರೀಕ್ಷೆ’ ಅಂತ ಬರೆದಿದ್ದೇನೆ. ಮೂರನೆಯದಕ್ಕೂ 91 ಬರುವುದರಿಂದ ಅದೂ ಸಾಲದು.

ಲ್ಯಾಬು, ವಾರ್ಡುಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಡೆಂಗಿ ಜ್ವರದಲ್ಲಿ ಬೆಳಿಗ್ಗೆ ಸಂಜೆ ಪ್ಲೇಟ್‌ಲೆಟ್ ನೋಡುವಾಗ ಮನೆಯವರಿಗೆ ಏನಂತ ಹೇಳುತ್ತೀರಿ? ‘ರಿಪೀಟ್’ ಬಿಟ್ಟು ಬೇರೆ ಮಾತು ಬಳಕೆಯಲ್ಲಿದೆಯೇ?